ಕಣ್ಣಿಲ್ಲದವರ ಅಕ್ಷರ

ಹತ್ತಿ ಬಿಡಿಸಿ ಮಾರಿದ ಮೇಲೆ ನಮ್ಮ ಸೀಮೆಯ ರೈತರ ಕೈಯಲ್ಲಿ ನಾಲ್ಕು ದಿನ ರೊಕ್ಕ ಓಡಾಡುತ್ತದೆ. ಅಂಥ ದಿನಗಳಲ್ಲೊಮ್ಮೆ ಶಹಾಪುರದ ಕಡೆಯ ರೈತರೊಬ್ಬರು ಮಗಳ ಕೈ ಹಿಡಿದುಕೊಂಡು ಸುರಪುರದ ನಮ್ಮ ಮನೆಗೆ ಬಂದರು. ಹುಡುಗಿಗೆ ಹುಟ್ಟಿನಿಂದ ಕಣ್ಣಿಲ್ಲ. ಪಿ.ಯು.ಸಿ. ಮುಗಿಸಿ ಬಿ.ಎ.ಗೆ ಸೇರಿದ್ದಾಳೆ. ಚಹಾ ಕುಡಿದಾದ ಮೇಲೆ ತಂದೆ ಬಂದ ಕಾರಣವನ್ನು ತಿಳಿಸಿದರು.

"ಈ ವರ್ಷ ನಾಲ್ಕು ರೊಕ್ಕ ಬಂದಾವ್ರಿ ಮಾಸ್ತರ. ಹುಡುಗಿಗೊಂದು ಕಂಪ್ಯೂಟರ್ ಕೊಡಸ್ಬೇಕಂತ ಮಾಡೀನಿ. ಇದೊಂದ ಸಲ ನೋಡ್ರಿ, ಮತ್ತ ಮತ್ತ ಕೊಡಸೂದು ನನ್ನ ಕೈಲೆ ಆಗಂಗಿಲ್ಲ. ಯಾವುದು ತಗೋಬೇಕು ನೀವ ಹೇಳ್ರಿ."

ಹುಡುಗಿ ನಡುವೆ ಬಾಯಿ ಹಾಕಿದಳು. "ಬೆಂಗಳೂರಾಗಿನ ನಮ್ಮ ಮಾವ ಆಪಲ್ಲೇ ತಗೋ ಅಂತಾನ್ರಿ ಸರ. ಯಾದಗಿರಿ ಅಂಗಡ್ಯಾವ ಎಲ್ಲಾ ಒಂದೇ ಅಂತಾನ. ನಮ್ಮ ಕಾಲೇಜಿನ ಹುಡುಗೊಬ್ಬ ಲಿನಕ್ಸ್ ಹಾಕ್ಕೋ, ಪುಕ್ಕಟ ಅದ ಅಂತಾನ. ನನಗ ಕನ್ನಡ ಮಾತಾಡೂದು ಬೇಕ್ರಿ."

ನಾನು ಜೀವಮಾನವೆಲ್ಲ ಇತಿಹಾಸದ ಪಾಠ ಹೇಳಿದವನು. ಒಂದು ಮಾತಿನಲ್ಲಿ ಮುಗಿಸಬಹುದಾದ ಉತ್ತರವನ್ನು ನೂರು ವರ್ಷ ಹಿಂದಕ್ಕೆ ಹೋಗಿ ಹೇಳುವ ಚಟ ಮಾಸ್ತರರಿಗೆ ಇರುತ್ತದೆಂದು ಮನೆಯವರು ನಗುವುದುಂಟು. ಆದರೆ ಆ ದಿನ ಹಿಂದಕ್ಕೆ ಹೋಗದೆ ಉತ್ತರ ಹೇಳುವುದು ಸಾಧ್ಯವಿರಲಿಲ್ಲ. ಏಕೆಂದರೆ ಯಾವ ಯಂತ್ರವನ್ನು ನಂಬಬೇಕು, ಯಾವ ಅಕ್ಷರವನ್ನು ನಂಬಬೇಕು ಎಂಬ ಪ್ರಶ್ನೆ ಕಣ್ಣಿಲ್ಲದವರಿಗೆ ಹೊಸದಲ್ಲ. ನನಗೂ ಹನ್ನೊಂದನೆಯ ವಯಸ್ಸಿನಿಂದ ಕಣ್ಣಿಲ್ಲ. ಆ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರ ಕೊಟ್ಟುಕೊಂಡು ನಾನೇ ನಷ್ಟ ಅನುಭವಿಸಿದ್ದೇನೆ. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮಾತು ಶುರುವಾದದ್ದು ನಮ್ಮ ಮನೆಯ ಒಂದು ಪೆಟ್ಟಿಗೆಯಿಂದ. ನಮ್ಮ ಅಜ್ಜ ನಿಜಾಮರ ಆಳ್ವಿಕೆಯ ಕಾಲದಲ್ಲಿ ಸುರಪುರದ ಕಚೇರಿಯಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ಮನೆಯಲ್ಲಿ ಆಡುವುದು ಕನ್ನಡ. ಲೆಕ್ಕ ಇಡುವುದು ಮೋಡಿ. ಕಚೇರಿಯ ಕಾಗದ ಉರ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತ ಪರ್ಷಿಯನ್ನನ್ನು ಬಿಟ್ಟು ಉರ್ದುವನ್ನು ಹಿಡಿಯಿತು. ಆ ಬದಲಾವಣೆಯನ್ನು ಸುರಪುರದ ರೈತನನ್ನು ಕೇಳಿ ಯಾರೂ ಮಾಡಲಿಲ್ಲ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಕಚೇರಿಯ ಭಾಷೆ ಮತ್ತೆ ಬದಲಾಯಿತು. ಅಜ್ಜನ ಪೆಟ್ಟಿಗೆಯ ತುಂಬ ಉರ್ದು ಮತ್ತು ಮೋಡಿಯ ಕಾಗದಗಳಿವೆ. ಎರಡೂ ಕಣ್ಣು ಚೆನ್ನಾಗಿರುವ ನನ್ನ ತಮ್ಮನಿಗೂ ಅವುಗಳಲ್ಲಿ ಒಂದಕ್ಷರ ತಿಳಿಯದು. ಕಣ್ಣಿದ್ದ ಮಾತ್ರಕ್ಕೆ ಓದು ಬಂದಂತಾಗುವುದಿಲ್ಲ. ಬರೆದ ಅಕ್ಷರ ಬಳಕೆಯಲ್ಲಿ ಉಳಿದಿರಬೇಕು ಎಂಬುದನ್ನು ನಾನು ಮೊದಲು ಕಲಿತದ್ದು ಆ ಪೆಟ್ಟಿಗೆಯಿಂದ.

ನಮ್ಮೂರಿನ ಚರಿತ್ರೆಯಲ್ಲಿ ಇನ್ನೊಂದು ಸಂಗತಿಯಿದೆ. 1840ರ ದಶಕದಲ್ಲಿ ಬಾಲಕ ರಾಜ ವೆಂಕಟಪ್ಪನಾಯಕರ ಕಾಲಕ್ಕೆ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಹೆಸರನ್ನು ಇಲ್ಲಿಯ ಮಕ್ಕಳೂ ಬಲ್ಲರು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಅವರ ಹೆಸರಿನಲ್ಲೇ ಇದೆ. ಕಾದಂಬರಿಗಳನ್ನೂ ಆತ್ಮಕಥೆಯನ್ನೂ ಬರೆದ ಆ ಮನುಷ್ಯನಿಗೆ ಕೊನೆಗಾಲದಲ್ಲಿ ದೃಷ್ಟಿ ಕುಂದಿತು. 1876ರಲ್ಲಿ ಫ್ರಾನ್ಸಿನ ಮಾಂತೊನ್ ಎಂಬ ಊರಿನಲ್ಲಿ ಅವರು ತೀರಿಕೊಂಡರು. ಕಣ್ಣಿಲ್ಲದವರು ತಾವೇ ಓದಿ ತಾವೇ ಬರೆಯುವ ಲಿಪಿ ಅದೇ ಫ್ರಾನ್ಸಿನಲ್ಲಿ ಹುಟ್ಟಿ ಅಷ್ಟರಲ್ಲಿ ಐವತ್ತು ವರ್ಷಗಳಾಗಿದ್ದವು.

ಆ ಲಿಪಿಯನ್ನು ಕಂಡುಹಿಡಿದ ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ. ತಂದೆ ಕುದುರೆಯ ಜೀನು ಹೊಲಿಯುವವನು. ಮೂರು ವರ್ಷದ ಮಗು ತಂದೆಯ ದಬ್ಬಳದಂಥ ಹತಾರದಿಂದ ಕಣ್ಣು ಚುಚ್ಚಿಕೊಂಡಿತು. ಒಂದು ಕಣ್ಣಿನ ಗಾಯ ಇನ್ನೊಂದನ್ನೂ ನುಂಗಿತು. ಹತ್ತನೆಯ ವಯಸ್ಸಿಗೆ ಪ್ಯಾರಿಸಿನ ಅಂಧರ ಶಾಲೆಗೆ ಸೇರಿದ. ಅಲ್ಲಿ ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಅಚ್ಚು ಹಾಕುತ್ತಿದ್ದರು. ಕಣ್ಣಿದ್ದ ಗುರುಗಳಿಗೆ ಅದು ಚೆಂದ ಕಾಣುತ್ತಿತ್ತು. ಬೆರಳಿಗೆ ಅದು ಸಿಗುತ್ತಿರಲಿಲ್ಲ. ಅದನ್ನು ಬರೆಯುವಂತೂ ಇರಲಿಲ್ಲ. 1824ರ ಹೊತ್ತಿಗೆ, ಹದಿನೈದು ವರ್ಷದ ಹುಡುಗ, ಆರು ಚುಕ್ಕಿಗಳ ಲಿಪಿಯನ್ನು ಸಿದ್ಧಪಡಿಸಿದ. ಆರೇ ಚುಕ್ಕಿ, ಅವುಗಳಿಂದ 63 ಗುರುತುಗಳು. ಶಾಲೆಯ ಹುಡುಗರು ಕೂಡಲೇ ಹಿಡಿದರು. ಆದರೆ ಮೇಲಿನವರು ಒಪ್ಪಲಿಲ್ಲ. ಕಣ್ಣಿದ್ದವರಿಗೆ ಓದಲು ಬಾರದ ಲಿಪಿ ಅಂಧರಿಗೇಕೆ ಎಂಬ ತರ್ಕ. ಕೆಲವು ಕಾಲ ಆ ಶಾಲೆಯಲ್ಲೇ ಅದಕ್ಕೆ ನಿಷೇಧವಿತ್ತು. ಫ್ರಾನ್ಸ್ ಅದನ್ನು ಅಧಿಕೃತವಾಗಿ ಸ್ವೀಕರಿಸಿದ್ದು 1854ರಲ್ಲಿ, ಬ್ರೈಲ್ ತೀರಿ ಎರಡು ವರ್ಷಗಳಾದ ಮೇಲೆ.

ಲಿಪಿ ಸಿಕ್ಕಿತು, ಕಷ್ಟ ತೀರಿತು ಎನ್ನುವಂತಿಲ್ಲ. ಅಮೆರಿಕದಲ್ಲಿ ನ್ಯೂಯಾರ್ಕ್ ಪಾಯಿಂಟ್ ಎಂಬುದೊಂದು, ಅಮೆರಿಕನ್ ಬ್ರೈಲ್ ಎಂಬುದೊಂದು, ಇಂಗ್ಲೆಂಡಿನಿಂದ ಬಂದ ಬ್ರೈಲ್ ಇನ್ನೊಂದು, ಹೀಗೆ ಚುಕ್ಕಿಗಳಲ್ಲೇ ಪಂಥಗಳಾದವು. ಒಂದರಲ್ಲಿ ಓದಿದವನಿಗೆ ಇನ್ನೊಂದರ ಪುಸ್ತಕ ಬಾರದು. ಎಲ್ಲವನ್ನೂ ಓದಬೇಕಾದರೆ ಎಲ್ಲವನ್ನೂ ಕಲಿಯಬೇಕು. 1909ರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ಯಾವುದನ್ನು ಕಲಿಸಬೇಕೆಂದು ಸಾರ್ವಜನಿಕ ವಿಚಾರಣೆಯೇ ನಡೆಯಿತು. ಹೆಲೆನ್ ಕೆಲ್ಲರ್ ಬ್ರೈಲ್ ಪರವಾಗಿ ಪತ್ರ ಬರೆದರು. ಇಂಗ್ಲೆಂಡ್ ಮತ್ತು ಅಮೆರಿಕ ಒಂದೇ ಇಂಗ್ಲಿಷ್ ಬ್ರೈಲಿಗೆ ಒಪ್ಪಿಕೊಂಡದ್ದು 1932ರಲ್ಲಿ. ಅಷ್ಟು ಹೊತ್ತಿಗೆ ಸೋತ ಲಿಪಿಯಲ್ಲಿ ಅಚ್ಚಾದ ಪುಸ್ತಕಗಳೆಲ್ಲ ಮುಂದಿನ ತಲೆಮಾರಿಗೆ ನಮ್ಮ ಅಜ್ಜನ ಪೆಟ್ಟಿಗೆಯಂತಾದವು.

ನಮ್ಮ ದೇಶದ ಕಥೆ ಇದಕ್ಕಿಂತ ಸಿಕ್ಕು. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆ ಅಮೃತಸರದಲ್ಲಿ 1887ರಲ್ಲಿ ಆರಂಭವಾಯಿತು; ಮೈಸೂರಿನ ಶಾಲೆ 1901ರದು. ಒಂದೊಂದು ಶಾಲೆಯ ಸ್ಥಾಪಕರು ತಮಗೆ ತಿಳಿದಂತೆ ಚುಕ್ಕಿಗಳನ್ನು ಹೊಂದಿಸಿಕೊಂಡರು. ಷಾ ಬ್ರೈಲ್, ನೀಲಕಂಠರಾಯ್ ಬ್ರೈಲ್, ಶಿರೆಫ್ ಬ್ರೈಲ್, ಓರಿಯೆಂಟಲ್ ಬ್ರೈಲ್ ಎಂದು ಹೆಸರುಗಳೇ ಹಲವು. ಕನ್ನಡಕ್ಕೆ ಮೈಸೂರಿನದೇ ಒಂದು ಪದ್ಧತಿಯಿತ್ತು. ಮುಂಬಯಿಯಲ್ಲಿ ಕಲಿತವನು ಮೈಸೂರಿನ ಪುಸ್ತಕ ಓದಲಾರ. 1949ರಲ್ಲಿ ಭಾರತ ಸರ್ಕಾರ ಯುನೆಸ್ಕೋ ಸಂಸ್ಥೆಯ ನೆರವು ಕೇಳಿತು. ಮೊದಲನೆಯ ಮಹಾಯುದ್ಧದಲ್ಲಿ ಗಲಿಪೊಲಿಯ ರಣರಂಗದಲ್ಲಿ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ ಎಂಬುವರು ಆ ಕೆಲಸಕ್ಕೆ ನಿಂತರು. 1950ರಲ್ಲಿ ಪ್ಯಾರಿಸಿನಲ್ಲೂ 1951ರಲ್ಲಿ ಬೈರೂತಿನಲ್ಲೂ ಸಭೆಗಳಾದವು. ಫಲವಾಗಿ ಬಂದದ್ದು ಭಾರತಿ ಬ್ರೈಲ್. ಅದರ ಸೂತ್ರ ಬಹಳ ಸರಳ: ಭಾರತದ ಭಾಷೆಗಳಲ್ಲಿ ಒಂದೇ ಉಚ್ಚಾರದ ಅಕ್ಷರಕ್ಕೆ ಒಂದೇ ಚುಕ್ಕಿ. ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಮೂರೂ ಬೆರಳಿಗೆ ಒಂದೇ. ಇಂಗ್ಲಿಷಿನ ಕೆ ಕೂಡ ಅದೇ. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ; ಅಕ್ಷರಗಳು ಒಂದರ ಮುಂದೊಂದು ಸಾಲಾಗಿ ಬರುತ್ತವೆ. ಕಣ್ಣಿಗೆ ಕಾಣುವ ಆಕಾರವನ್ನು ಬಿಟ್ಟು ಕಿವಿಗೆ ಕೇಳುವ ಕ್ರಮವನ್ನು ಹಿಡಿದದ್ದೇ ಅದರ ಜಾಣತನ. ನಾನು ಶಾಲೆಯಲ್ಲಿ ಕಲಿತದ್ದು ಇದನ್ನು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಕಂಪ್ಯೂಟರಿನಲ್ಲಿ ಇದೇ ಕಥೆ ಇನ್ನೊಮ್ಮೆ ನಡೆಯುತ್ತದೆ.

ಕಂಪ್ಯೂಟರ್ ಎಂದರೆ ತೆರೆ ನೋಡಿಕೊಂಡು ಮಾಡುವ ಕೆಲಸ. ಕಣ್ಣಿಲ್ಲದವರು ಅದರಲ್ಲಿ ಏನು ಮಾಡಿಯಾರು ಎಂದು ಕೇಳುವವರು ಈಗಲೂ ಇದ್ದಾರೆ. ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವೊಂದಿದೆ. ಅದರ ಹೆಸರು ಸ್ಕ್ರೀನ್ ರೀಡರ್. ನಾವು ಇಲಿಯಾಕಾರದ ಮೌಸನ್ನು ಮುಟ್ಟುವುದಿಲ್ಲ. ಕೀಲಿಮಣೆಯ ಬಾಣದ ಗುಂಡಿ ಒತ್ತಿದರೆ ಒಂದು ಸಾಲನ್ನು ಅದು ಓದುತ್ತದೆ. ಇನ್ನೊಂದು ಗುಂಡಿಗೆ ಒಂದು ಪದ. ಮತ್ತೊಂದಕ್ಕೆ ಒಂದೊಂದೇ ಅಕ್ಷರ. ಅಭ್ಯಾಸವಾದವರು ಕಣ್ಣಿದ್ದವರು ಓದುವ ವೇಗಕ್ಕಿಂತ ಕಡಿಮೆಯಿಲ್ಲದಂತೆ ಕೇಳಿ ಓದುತ್ತಾರೆ.

ಮೊದಮೊದಲು ಇದು ಸುಲಭವಾಗಿತ್ತು. ಡಾಸ್ ಎಂಬ ವ್ಯವಸ್ಥೆಯ ಕಾಲದಲ್ಲಿ ತೆರೆಯ ಮೇಲೆ ಬರೀ ಅಕ್ಷರಗಳು: 25 ಸಾಲು, ಸಾಲಿಗೆ 80 ಅಕ್ಷರ. ಯಾವ ಜಾಗದಲ್ಲಿ ಯಾವ ಅಕ್ಷರವಿದೆಯೆಂಬುದು ಯಂತ್ರಕ್ಕೆ ಗೊತ್ತು; ಅದನ್ನು ದನಿಗೆ ಒಪ್ಪಿಸಿದರೆ ಆಯಿತು. ಐ.ಬಿ.ಎಂ. ಕಂಪನಿಯಲ್ಲಿ ಜಿಮ್ ಥ್ಯಾಚರ್ ಎಂಬುವರು ರೂಪಿಸಿದ ತಂತ್ರಾಂಶ 1986ರಲ್ಲಿ ಮಾರಾಟಕ್ಕೆ ಬಂತು. 1989ರಲ್ಲಿ ಜಾಸ್ ಬಂತು. ಅದನ್ನು ತಂದ ಟೆಡ್ ಹೆಂಟರ್ ಮೋಟಾರ್ ಸೈಕಲ್ ಪಂದ್ಯಗಳ ಸವಾರ. 1978ರಲ್ಲಿ ಕಾರಿನ ಅಪಘಾತದಲ್ಲಿ ಕಣ್ಣು ಕಳೆದುಕೊಂಡವರು. ಜಾಸ್ ಎಂಬ ಹೆಸರನ್ನು ಬಿಡಿಸಿದರೆ ಮಾತಿನ ಮೂಲಕ ನೌಕರಿಗೆ ದಾರಿ ಎಂಬ ಅರ್ಥ ಬರುತ್ತದೆ. ಹೆಸರಿಗೆ ತಕ್ಕಂತೆ ಅದು ಸಾವಿರಾರು ಜನರಿಗೆ ಅನ್ನ ಕೊಟ್ಟಿತು.

ಅಷ್ಟರಲ್ಲಿ ತೆರೆಯ ಮೇಲೆ ಚಿತ್ರಗಳು ಬಂದವು. ಆಪಲ್ ಕಂಪನಿಯ ಮ್ಯಾಕಿಂಟಾಷ್ 1984ರಲ್ಲಿ ಅದನ್ನು ಜನಪ್ರಿಯಗೊಳಿಸಿತು. ಮುಂದೆ ವಿಂಡೋಸ್ ಮನೆಮನೆಗೆ ಮುಟ್ಟಿಸಿತು. ಕಣ್ಣಿದ್ದವರಿಗೆ ಹಬ್ಬ, ನಮ್ಮವರ ಕೆಲಸಕ್ಕೆ ಕುತ್ತು. ತೆರೆಯ ಮೇಲೆ ಅಕ್ಷರವೇ ಇಲ್ಲ, ಅಕ್ಷರದ ಚಿತ್ರವಿದೆ, ಓದುವುದೇನನ್ನು? ಮ್ಯಾಕಿಂಟಾಷಿಗೆ ಔಟ್‌ಸ್ಪೋಕನ್ ಎಂಬ ಸ್ಕ್ರೀನ್ ರೀಡರ್ 1989ರಲ್ಲೇ ಬಂದಿತ್ತು. ಆದರೆ ಕಚೇರಿಗಳೆಲ್ಲ ವಿಂಡೋಸಿಗೆ ಹೋಗುತ್ತಿದ್ದವು. ಇಷ್ಟು ದಿನ ಡಾಸಿನಲ್ಲಿ ದುಡಿಯುತ್ತಿದ್ದ ಅಂಧ ನೌಕರರು ಒಂದು ಬೆಳಗ್ಗೆ ಕೆಲಸಕ್ಕೆ ಬಾರದವರಾಗುವ ಭಯ ಹುಟ್ಟಿತು. 1995ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಅಂಧರಿಗೆ ಒದಗದ ವಿಂಡೋಸನ್ನು ಸರ್ಕಾರ ಕೊಳ್ಳಬಾರದೆಂಬ ಕೂಗೆದ್ದಿತು. ಅದೇ ವರ್ಷ ವಿಂಡೋಸಿಗೆ ಜಾಸ್ ಬಂತು. ಯಂತ್ರ ತೆರೆಯ ಮೇಲೆ ಚಿತ್ರ ಬಿಡಿಸಲು ಕೊಡುವ ಆಜ್ಞೆಗಳನ್ನು ನಡುದಾರಿಯಲ್ಲಿ ಕದ್ದು ಕೇಳಿ, ಅದರಿಂದ ಅಕ್ಷರವನ್ನು ಊಹಿಸಿ ಓದುವ ಕಷ್ಟದ ಉಪಾಯ ಅದು. ಸ್ಕ್ರೀನ್ ರೀಡರಿಗೆ ಬೇಕಾದ ಮಾಹಿತಿಯನ್ನು ವ್ಯವಸ್ಥೆಯೇ ಒದಗಿಸುವ ಏರ್ಪಾಡನ್ನು ವಿಂಡೋಸ್ 1997ರಿಂದ ಮಾಡಿಕೊಂಡು ಬಂತು.

ನಾನು ಕಂಪ್ಯೂಟರ್ ಕಲಿತದ್ದು 1999ರಲ್ಲಿ, ದೂರದ ನಗರದ ಒಂದು ತರಬೇತಿ ಕೇಂದ್ರದಲ್ಲಿ. ಜಾಸ್ ಕಲಿತು ಬಂದೆ, ಕೊಳ್ಳುವ ಶಕ್ತಿಯಿರಲಿಲ್ಲ. ಅದರ ಬೆಲೆ ಸುಮಾರು 900 ಡಾಲರ್. ಡಾಲರಿಗೆ 45 ರೂಪಾಯಿ ಇದ್ದ ದಿನಗಳಲ್ಲಿ ಅದು 40,000 ರೂಪಾಯಿ. ಕಂಪ್ಯೂಟರಿಗೆ ಕೊಟ್ಟಷ್ಟೇ ದುಡ್ಡು ಅದರ ಬಾಯಿಗೂ ಕೊಡಬೇಕು. ಪರೀಕ್ಷಾರ್ಥವಾಗಿ ಪುಕ್ಕಟೆ ಬಳಸುವವರಿಗೆ ಜಾಸ್ 40 ನಿಮಿಷ ಮಾತಾಡುತ್ತದೆ. ಆಮೇಲೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಬೇಕು. ನಾನು ವರ್ಷಗಟ್ಟಲೆ 40 ನಿಮಿಷಗಳ ಕಂತಿನಲ್ಲಿ ಬದುಕಿದೆ. ಪಾಠದ ಟಿಪ್ಪಣಿ ಬರೆಯುವಾಗ ನಡುವಾಕ್ಯದಲ್ಲಿ ಅದು ಮೂಕವಾಗುತ್ತಿತ್ತು. ಯಂತ್ರ ಮತ್ತೆ ಎಚ್ಚರಾಗುವವರೆಗೆ ವಾಕ್ಯದ ಉಳಿದರ್ಧವನ್ನು ಬಾಯಲ್ಲಿ ಹಿಡಿದುಕೊಂಡು ಕೂಡಬೇಕಾಗಿತ್ತು.

ಅದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ಆ ದನಿ ಇಂಗ್ಲಿಷಿನದು. ಕನ್ನಡ ಎದುರಾದರೆ ಮೌನ, ಇಲ್ಲವೆ ಗೊಂದಲ.

ಇಲ್ಲಿ ಕನ್ನಡದ ಅಕ್ಷರ ಕಂಪ್ಯೂಟರಿಗೆ ಬಂದ ರೀತಿಯನ್ನು ಹೇಳಬೇಕು. ಬರಹ, ನುಡಿ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ; ಅವಿಲ್ಲದಿದ್ದರೆ ನಮ್ಮ ಕಚೇರಿ, ಮುದ್ರಣಾಲಯಗಳಲ್ಲಿ ಕನ್ನಡ ಅಷ್ಟು ಬೇಗ ಕಾಲೂರುತ್ತಿರಲಿಲ್ಲ. ಆದರೆ ಆ ಕಾಲದ ಕನ್ನಡ ಫಾಂಟುಗಳು ಒಂದು ಉಪಾಯದ ಮೇಲೆ ನಿಂತಿದ್ದವು. ಯಂತ್ರದಲ್ಲಿ ಯುರೋಪಿನ ಅಕ್ಷರಗಳಿಗೆಂದು ಇಟ್ಟ ಮನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದರು. ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ಹೊಟ್ಟೆಯೊಳಗಿರುವುದು ಬೇರೆ. ಕನ್ನಡ ಎಂಬ ಮೂರಕ್ಷರದ ಪದವನ್ನೇ ತೆಗೆದುಕೊಳ್ಳಿ. ಯಂತ್ರ ಅದನ್ನು ಪಿ, ತಲೆಯ ಮೇಲೆ ಗೀಟಿರುವ ಎ, ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು, ಮತ್ತೆ ಗೀಟಿನ ಎ, ಜರ್ಮನರ ಒಂದು ಎಸ್, ಕ್ಯೂ, ಮತ್ತೊಮ್ಮೆ ಗೀಟಿನ ಎ ಎಂದು ಏಳು ಗುರುತುಗಳಾಗಿ ಇಟ್ಟುಕೊಂಡಿರುತ್ತದೆ. ಸ್ಕ್ರೀನ್ ರೀಡರ್ ಕಾಣುವ ಆಕಾರವನ್ನು ಓದುವುದಿಲ್ಲ; ಹೊಟ್ಟೆಯೊಳಗಿರುವುದನ್ನು ಓದುತ್ತದೆ. ಹೀಗಾಗಿ ಕನ್ನಡದ ಕಾಗದ ತೆರೆದರೆ ನಮ್ಮ ಕಿವಿಗೆ ಬೀಳುತ್ತಿದ್ದದ್ದು ಪೌಂಡುಗಳ ಮಳೆ.

ಇದರಲ್ಲಿ ನನಗಾದ ನಷ್ಟವನ್ನು ಹೇಳುತ್ತೇನೆ. 2003ರಿಂದ ಮೂರು ವರ್ಷ ನಾನು ಸುರಪುರ, ಶಹಾಪುರ ಸುತ್ತಿನ ಮುದುಕರನ್ನು ಕಂಡು ನಿಜಾಮರ ಕಾಲದ ನೆನಪುಗಳನ್ನು ಕೇಳಿ ಬರೆಸಿದೆ. ನಾನು ಹೇಳುವುದು, ಸೋದರಳಿಯ ಟೈಪು ಮಾಡುವುದು. ಚೆಂದ ಕಾಣುತ್ತದೆಂದು ಎಲ್ಲರೂ ಹೇಳಿದರು, ನಾನೂ ಒಪ್ಪಿದೆ. ಬೇರೆ ದಾರಿ ಇದೆಯೇ ಎಂದು ವಿಚಾರಿಸಲಿಲ್ಲ. ಅವನು ನೌಕರಿಗೆಂದು ಪುಣೆಗೆ ಹೋದ. ನಾನು ಕಡತ ತೆರೆದರೆ ಪೌಂಡುಗಳು. ನಾನೇ ಕೇಳಿದ, ನಾನೇ ಹೇಳಿ ಬರೆಸಿದ ಮಾತು ನನಗೇ ಓದಲು ಬಾರದಾಯಿತು. ಹೇಳಿದ ಮುದುಕರಲ್ಲಿ ಬಹುಪಾಲು ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ಹಲವು ವರ್ಷ ಆ ಕಡತಗಳು ಹಾಗೆಯೇ ಬಿದ್ದಿದ್ದವು.

ಪರಿಹಾರ ಬಂದದ್ದು ಯುನಿಕೋಡಿನಿಂದ. ಚುಕ್ಕಿಗಳಿಗೆ 1951 ಹೇಗೋ ಕಂಪ್ಯೂಟರಿನ ಅಕ್ಷರಗಳಿಗೆ 1991 ಹಾಗೆ. ಜಗತ್ತಿನ ಭಾಷೆಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಕಾಯಂ ಮಾಡುವ ಏರ್ಪಾಡು ಅದು. ಕನ್ನಡಕ್ಕೆ ಮೊದಲ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿತು. ಕ ಅಕ್ಷರದ ಸಂಖ್ಯೆ 3221. ವಿಂಡೋಸ್ ಇರಲಿ, ಆಪಲ್ ಇರಲಿ, ಲಿನಕ್ಸ್ ಇರಲಿ, ಕೈಯಲ್ಲಿನ ಫೋನ್ ಇರಲಿ, 3221 ಎಂದರೆ ಕ. ಇಲ್ಲಿಯೂ ಒತ್ತಕ್ಷರವನ್ನು ಆಕಾರದಂತೆ ಇಡದೆ ಉಚ್ಚಾರದ ಕ್ರಮದಲ್ಲಿ ಇಡುತ್ತಾರೆ. ಭಾರತಿ ಬ್ರೈಲಿನಲ್ಲಿ ಕಂಡ ಅದೇ ಸೂತ್ರ. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡದ ಈ ಅಕ್ಷರಗಳನ್ನು ತೋರಿಸಬಲ್ಲುದಾಗಿತ್ತು. ಆದರೂ ಅಕ್ಷರ ಬಂದ ಮಾತ್ರಕ್ಕೆ ಓದುವ ದನಿ ಬರಲಿಲ್ಲ.

ದನಿ ಬಂದ ಕಥೆ ಸ್ವಾರಸ್ಯದ್ದು. ಆಸ್ಟ್ರೇಲಿಯದಲ್ಲಿ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ವಿಂಡೋಸಿಗೆ ತಾನೇ ಒಂದು ಸ್ಕ್ರೀನ್ ರೀಡರ್ ಬರೆಯಲು ಕುಳಿತ. ಕಣ್ಣಿಲ್ಲದವನು ಕಣ್ಣಿದ್ದವನಿಗಿಂತ ಇಮ್ಮಡಿ ದುಡ್ಡು ಏಕೆ ಕೊಡಬೇಕೆಂಬುದು ಅವನ ಪ್ರಶ್ನೆ. ಬಾಲ್ಯದಲ್ಲಿ ಸಂಗೀತ ಶಿಬಿರದಲ್ಲಿ ಪರಿಚಯವಾಗಿದ್ದ ಜೇಮ್ಸ್ ಟೆ, ಅವನೂ ಅಂಧ, ಜೊತೆಗೂಡಿದ. ಎನ್‌ವಿಡಿಎ ಎಂಬ ಆ ತಂತ್ರಾಂಶಕ್ಕೆ ಬೆಲೆಯಿಲ್ಲ. ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಅದರೊಡನೆ ಬರುವ ದನಿ ಇಸ್ಪೀಕ್. ಜೊನಾಥನ್ ಡಡಿಂಗ್ಟನ್ ಎಂಬುವರು ಆರಂಭಿಸಿದ ಆ ದನಿಯೂ ಪುಕ್ಕಟೆ. ಅದಕ್ಕೆ ಕನ್ನಡ ಬರುತ್ತದೆ. ಲೋಹದ ಕೊಳವೆಯಿಂದ ಬಂದಂಥ ಒರಟು ದನಿ, ರಾಗವಿಲ್ಲ, ಭಾವವಿಲ್ಲ. ಆದರೂ ಅದರ ಬಾಯಿಂದ ಸುರಪುರ ಎಂಬ ಪದವನ್ನು ಮೊದಲ ಸಲ ಕೇಳಿದಾಗ ನನಗಾದ ಸಂತೋಷವನ್ನು ಬರೆದು ತಿಳಿಸಲಾರೆ. ಇಂಗ್ಲಿಷ್ ದನಿ ಅಷ್ಟು ವರ್ಷ ಆ ಹೆಸರನ್ನು ಅಗಿದು ಉಗುಳುತ್ತಿತ್ತು.

2014ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ ಕೊಟ್ಟ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ, ಇರುತ್ತದೆ. ಪರಿವರ್ತನೆಯಲ್ಲಿ ಅದು ಅಲ್ಲೇ ಉಳಿದು, ವರ್ಷ ಎಂಬುದು ವಷರ್ ಆಗಿತ್ತು. ಇಸ್ಪೀಕ್ ಅದನ್ನು ಹಾಗೆಯೇ ಓದಿತು. ಒಂದೊಂದಾಗಿ ತಿದ್ದಲು ಒಂದು ಬೇಸಿಗೆ ಹಿಡಿಯಿತು. ಆದರೆ ಹತ್ತು ವರ್ಷಗಳ ಮೇಲೆ ಆ ಮುದುಕರ ಮಾತನ್ನು ಯಾರ ನೆರವೂ ಇಲ್ಲದೆ ಓದಿದೆ.

ಇನ್ನು ಉಳಿದ ಯಂತ್ರಗಳ ಮಾತು. ಆಪಲ್ 2005ರಲ್ಲಿ ತನ್ನ ಕಂಪ್ಯೂಟರಿನೊಳಗೇ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರನ್ನು ಸೇರಿಸಿತು. 2009ರಲ್ಲಿ ಐಫೋನಿಗೂ ತಂದಿತು. ಗಾಜಿನ ನುಣುಪು ತೆರೆಯನ್ನು ಅಂಧರು ಬಳಸಬಹುದೆಂದು ಜಗತ್ತು ನಂಬಿದ್ದು ಆಗ. ಅದಕ್ಕಾಗಿ ಬೇರೆ ದುಡ್ಡಿಲ್ಲ. ಕಣ್ಣಿದ್ದವನು ಕೊಳ್ಳುವ ಯಂತ್ರವೇ ನಮಗೂ ಮಾತಾಡುತ್ತದೆ. ಇದು ಸಣ್ಣ ಮಾತಲ್ಲ. ಈಚಿನ ವರ್ಷಗಳಲ್ಲಿ ಅದಕ್ಕೆ ಕನ್ನಡದ ಇಂಪಾದ ದನಿಯೂ ಸೇರಿದೆ. ಆದರೆ ಯಂತ್ರವೇ ದುಬಾರಿ. ಕೆಟ್ಟರೆ ರಿಪೇರಿಗೆ ದೊಡ್ಡ ಊರಿಗೆ ಹೋಗಬೇಕು. ಲಿನಕ್ಸಿನಲ್ಲಿ ಓರ್ಕಾ ಎಂಬ ಸ್ಕ್ರೀನ್ ರೀಡರ್ ಇದೆ. ಅದಕ್ಕೂ ಇಸ್ಪೀಕ್ ದನಿಯೇ. ನಮ್ಮ ನೆರೆಯ ಪುಣೆಯಲ್ಲಿ ಹುಟ್ಟಿ ಹದಿನಾಲ್ಕನೆಯ ವಯಸ್ಸಿಗೆ ಕಣ್ಣು ಕಳೆದುಕೊಂಡ ಟಿ.ವಿ. ರಾಮನ್ 1995ರಲ್ಲೇ ಲಿನಕ್ಸ್ ಬಳಸುವವರಿಗೆ ಇಮ್ಯಾಕ್‌ಸ್ಪೀಕ್ ಎಂಬ ಮಾತಿನ ವ್ಯವಸ್ಥೆಯನ್ನು ಬರೆದರು. ಬಲ್ಲವರ ಕೈಯಲ್ಲಿ ಲಿನಕ್ಸ್ ಉತ್ತಮ ಹತಾರ. ಆದರೆ ರಾತ್ರಿ ಹತ್ತಕ್ಕೆ ದನಿ ನಿಂತುಹೋದರೆ ಶಹಾಪುರದಲ್ಲಿ ಯಾರನ್ನು ಎಬ್ಬಿಸುವುದು?

ವಿಂಡೋಸಿನಲ್ಲಿಯೂ ಎಲ್ಲ ಸುಸೂತ್ರವಲ್ಲ. ಜಾಸಿಗೆ ಸರಿಸಾಟಿಯಾಗಿದ್ದ ವಿಂಡೋ ಐಸ್ ಎಂಬ ಸ್ಕ್ರೀನ್ ರೀಡರ್ 2017ರಲ್ಲಿ ನಿಂತೇಹೋಯಿತು. ಅದನ್ನೇ ನಂಬಿ ಇಪ್ಪತ್ತು ವರ್ಷ ದುಡಿದವರು ಹೊಸ ಗುಂಡಿಗಳನ್ನು ಮೊದಲಿನಿಂದ ಕಲಿಯಬೇಕಾಯಿತು. ಯಂತ್ರಗಳು ಬರುತ್ತವೆ, ಹೋಗುತ್ತವೆ; ಕಂಪನಿಗಳೂ ಹಾಗೆಯೇ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ತಂದೆಗೆ ತೂಕಡಿಕೆ ಬಂದಿತ್ತು. ಹುಡುಗಿ ಮಾತ್ರ ಎಚ್ಚರವಾಗಿದ್ದಳು. "ಅಂದ್ರ ಯಾವುದು ತಗೊಳ್ಳಿ ಸರ?" ಎಂದು ಮತ್ತೆ ಕೇಳಿದಳು.

ನಾನು ಹೇಳಿದ್ದು ಇಷ್ಟು. "ಯವ್ವಾ, ಮೂರು ಮಾತು ಕೇಳು. ನಿನ್ನ ಭಾಷಾ ಮಾತಾಡಬೇಕು. ಕೆಟ್ಟರ ನಿನ್ನೂರಾಗ ರಿಪೇರಿ ಆಗಬೇಕು. ನಾಳೆ ಆ ಯಂತ್ರ ಬಿಟ್ಟರೂ ನೀ ಬರೆದದ್ದು ನಿನ್ನ ಕೂಡ ಬರಬೇಕು. ಮೊದಲ ಎರಡಕ್ಕ ಇವತ್ತಿಗೆ ವಿಂಡೋಸಿನ ಸಾದಾ ಲ್ಯಾಪ್‌ಟಾಪು, ಅದರಾಗ ಎನ್‌ವಿಡಿಎ ಸಾಕು. ಮೂರನೇದು ಮಾತ್ರ ಅಂಗಡ್ಯಾಗ ಸಿಗಂಗಿಲ್ಲ, ಅದು ನಿನ್ನ ಕೈಯಾಗ ಅದ. ಏನ ಬರದರೂ ಯುನಿಕೋಡಿನಾಗ ಬರಿ. ಬ್ರೈಲ್ ಬಿಡಬ್ಯಾಡ, ಕರೆಂಟ್ ಹೋದ ದಿನ ಅದೊಂದೇ ಓದಕ ಬರ್ತದ."

ಬ್ರೈಲಿನ ಮಾತು ಬರೀ ಅಭಿಮಾನದಿಂದ ಆಡಿದ್ದಲ್ಲ. ಕಾಗುಣಿತ ಕಿವಿಗೆ ಬೀಳುವುದಿಲ್ಲ; ಬೆರಳಿಗೆ ತಿಳಿಯುತ್ತದೆ. ಬರೀ ಕೇಳಿ ಕಲಿತ ಮಕ್ಕಳು ಶ, ಷಗಳಲ್ಲಿ ತಡವರಿಸುವುದನ್ನು ನಾನು ಕಂಡಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸರ್ಕಾರಿ ನೌಕರಿಯಲ್ಲಿ ಅಂಧರಿಗೂ ಮಂದದೃಷ್ಟಿಯವರಿಗೂ ಶೇಕಡಾ 1ರಷ್ಟು ಹುದ್ದೆಗಳನ್ನು ಕಾದಿಟ್ಟಿದೆ. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿ, ಪರೀಕ್ಷೆಯನ್ನು ಬರಹಗಾರರ ನೆರವಿನಿಂದ ಮಾತ್ರವಲ್ಲದೆ ಬ್ರೈಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಬರೆಯುವ ಆಯ್ಕೆಯನ್ನು ಅಭ್ಯರ್ಥಿಗೇ ಬಿಟ್ಟಿತ್ತು. ಕಂಪ್ಯೂಟರನ್ನು ಹಿಂದಿನ ದಿನವೇ ಪರೀಕ್ಷಿಸಿ ನೋಡಲೂ ಅವಕಾಶವಿತ್ತು. ಹುಡುಗಿ ಇದನ್ನು ಬಲ್ಲವಳಾಗಿದ್ದಳು. ಹತ್ತಿಯ ರೊಕ್ಕದ ಹಿಂದೆ ಅವಳ ಲೆಕ್ಕ ಅದೇ ಇತ್ತು: ಉತ್ತರವನ್ನು ಇನ್ನೊಬ್ಬರ ಕೈಯಿಂದಲ್ಲ, ತನ್ನ ಕೈಯಿಂದಲೇ ಬರೆಯಬೇಕು.

ನನ್ನ ಯಂತ್ರದ ಮುಂದೆ ಅವಳನ್ನು ಕೂಡಿಸಿದೆ. ತನ್ನೂರಿನ ಹೆಸರು ಒತ್ತಿ ಕೇಳಿದಳು. ನಕ್ಕಳು. "ದನಿ ಒರಟದ್ರಿ ಸರ. ಆದ್ರ ನಮ್ಮೂರ ಹೆಸರು ಬರೋಬರಿ ಅಂತದ."

ಭೀಮೆ ದಾಟಿ ಯಾದಗಿರಿಗೆ ಹೋಗಿ ಅವರು ಸಾದಾ ಲ್ಯಾಪ್‌ಟಾಪೊಂದನ್ನು ಕೊಂಡರೆಂದು ಮುಂದಿನ ವಾರ ತಿಳಿಯಿತು. ಅಂಗಡಿಯಲ್ಲಿ ಎನ್‌ವಿಡಿಎ ಹಾಕಿಸಿ, ತಾನೇ ಕೂತು ಕನ್ನಡ ಕೇಳಿದ ಮೇಲೆಯೇ ತಂದೆಗೆ ದುಡ್ಡು ಎಣಿಸಲು ಹೇಳಿದಳಂತೆ.

ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮಲ್ಲಿ ಹಲವರು ಕಚೇರಿಗಳಲ್ಲಿ, ಶಾಲೆಗಳಲ್ಲಿ, ಪ್ರಕಾಶನಗಳಲ್ಲಿ ಕೆಲಸ ಮಾಡುವವರು. ಕನ್ನಡದ ಸುತ್ತೋಲೆಯನ್ನೋ ಪಾಠವನ್ನೋ ಕಳಿಸುವಾಗ ಅದರ ಫೋಟೋ ತೆಗೆದು ಕಳಿಸಬೇಡಿ. ಹಳೆಯ ಫಾಂಟಿನಲ್ಲಿ ಕಳಿಸಬೇಡಿ. ಯುನಿಕೋಡಿನ ಅಕ್ಷರದಲ್ಲಿ ಕಳಿಸಿ. ನಿಮಗೆ ಅದರಿಂದ ಒಂದು ಕಾಸಿನ ಖರ್ಚಿಲ್ಲ. ನಾವು ಯಾವ ಯಂತ್ರ ಕೊಂಡಿದ್ದರೂ ಆಗ ಅದು ಮಾತಾಡುತ್ತದೆ.

ಮೊನ್ನೆ ಆ ಹುಡುಗಿ ಬರೆದ ಮೊದಲ ಪ್ರಬಂಧ ನನಗೆ ಬಂತು. ವಿಷಯ, ಶಹಾಪುರದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ. ತಾನು ಕಾಣದ ಬೆಟ್ಟವನ್ನು ಊರವರು ಅವಳಿಗೆ ಹೇಗೆ ವರ್ಣಿಸಿ ಹೇಳಿದರೆಂದು ಬರೆದಿದ್ದಾಳೆ. ಕಾಗುಣಿತದ ತಪ್ಪು ನಾಲ್ಕಿದ್ದವು. ಅವನ್ನು ಗುರುತು ಹಾಕಿ ಹಿಂದಕ್ಕೆ ಕಳಿಸಿದ್ದೇನೆ.